ಒಂದೇ ಸೂಲಿನ ಎರಡು ಮುಧೋಳಗಳು, ನಾಲ್ಕು ದಿನಗಳ ವಸತಿ

ಕಳೆದ ತಿಂಗಳು ಮದುವೆಗೆಂದು ಊರಿಗೆ ಹೋಗಬೇಕಾದಾಗ ನಮ್ಮ ಎರಡು ಮುಧೋಳ ನಾಯಿಗಳನ್ನು ಬೆಂಗಳೂರಿನ ಹೊರವಲಯದ ನಾಯಿ ವಸತಿಯೊಂದರಲ್ಲಿ ನಾಲ್ಕು ದಿನ ಬಿಟ್ಟಿದ್ದೆವು. ರಾಜ ಮತ್ತು ಬೆಳ್ಳಿ ಒಂದೇ ಸೂಲಿನ ಮರಿಗಳು. ಆದರೂ ಗೇಟು ತೆರೆದವರೆಲ್ಲ ರಾಜನಿಗೆ ನೆಂಟರು. ಬೆಳ್ಳಿಯಾದರೋ ಕುಕ್ಕರ್ ಕೂಗಿದರೆ ಮಂಚದ ಕೆಳಗೆ ಸೇರುತ್ತಾಳೆ.

ಸ್ಥಳ ಅಚ್ಚುಕಟ್ಟಾಗಿದೆ, ನೆರಳಿದೆ, ಊಟದ ಹೊತ್ತು ತಪ್ಪುವುದಿಲ್ಲ. ನನ್ನ ತಕರಾರು ದಾಖಲಾತಿ ಅರ್ಜಿಯ ಬಗ್ಗೆ. ಅದರಲ್ಲಿ ತಳಿ, ತೂಕ, ಲಸಿಕೆಯ ದಿನಾಂಕಗಳಿಗೆ ಜಾಗವಿತ್ತು. ಸ್ವಭಾವ ಬರೆಯಲು ಒಂದು ಸಾಲೂ ಇರಲಿಲ್ಲ. ಬಾಯಿಮಾತಿನಲ್ಲಿ ಹೇಳಹೊರಟರೆ ವ್ಯವಸ್ಥಾಪಕರು, "ಮುಧೋಳ ಅಂದ್ರೆ ನಮಗೆ ಗೊತ್ತು ಸಾರ್, ಎಲ್ಲಾ ಒಂದೇ ಥರ" ಎಂದು ಎರಡನ್ನೂ ಗುಂಪಿನ ಆಟದ ಬಯಲಿಗೆ ಬಿಡಿಸಿದರು.

ಎಲ್ಲವೂ ಒಂದೇ ಥರ ಇರುವುದಿಲ್ಲ. ಅಮೆರಿಕದ ಸಂಶೋಧಕರು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಸಾಕಿದವರಿಂದ ಮಾಹಿತಿ ಪಡೆದು, ಅವುಗಳಲ್ಲಿ 2,000ಕ್ಕೂ ಹೆಚ್ಚಿನವುಗಳ ಡಿಎನ್‌ಎ ಓದಿ, ನಾಯಿನಾಯಿಗಳ ನಡುವಣ ವರ್ತನೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ. 9 ಮಾತ್ರ ಎಂದು 2022ರಲ್ಲಿ ಪ್ರಕಟಿಸಿದರು. ಒಡಹುಟ್ಟಿದ ಮರಿಗಳಿಗೂ ಸಮಾನವಾಗಿ ಬರುವುದು ಸರಾಸರಿ ಅರ್ಧದಷ್ಟು ವಂಶವಾಹಿಗಳು. ವಂಶವಾಹಿಗಳೆಲ್ಲ ಒಂದೇ ಆಗಿದ್ದರೂ ಸ್ವಭಾವ ಒಂದೇ ಆಗುವುದಿಲ್ಲ: ಜರ್ಮನಿಯಲ್ಲಿ ತಳೀಯವಾಗಿ ಏಕರೂಪದ 40 ಇಲಿಗಳನ್ನು ಒಂದೇ ವಿಶಾಲ ಗೂಡಿನಲ್ಲಿ ಮೂರು ತಿಂಗಳು ಬಿಟ್ಟಾಗ, ಕೆಲವು ಮೂಲೆಮೂಲೆ ಸುತ್ತುವ ತಿರುಗಾಲಿಗಳಾದವು, ಕೆಲವು ಇದ್ದಲ್ಲೇ ಉಳಿದವು, ಹೆಚ್ಚು ಸುತ್ತಿದವುಗಳ ಮಿದುಳಿನಲ್ಲಿ ಹೊಸ ನರಕೋಶಗಳೂ ಹೆಚ್ಚು ಹುಟ್ಟಿದ್ದವು. 2013ರ ಆ ಪ್ರಯೋಗವನ್ನು ಓದಿದ ಮೇಲೆ ನನಗೆ ಬೆಳ್ಳಿಯ ಎಂಟನೆಯ ವಾರ ನೆನಪಾಯಿತು. ಮರಿಗಳು ಜನ, ಸದ್ದು, ಹೊಸ ಜಾಗಗಳಿಗೆ ಒಗ್ಗಿಕೊಳ್ಳುವ ಆ ದಿನಗಳಲ್ಲೇ ಅವಳು ವಾಂತಿಭೇದಿಯಾಗಿ ಹತ್ತು ದಿನ ಆಸ್ಪತ್ರೆಯ ಬೋನಿನಲ್ಲಿದ್ದಳು, ರಾಜ ನಮ್ಮ ಬೀದಿಯ ಮಕ್ಕಳ ತೊಡೆಯ ಮೇಲಿದ್ದ. ಅದೊಂದೇ ಕಾರಣವೆನ್ನಲಾರೆ, ಆದರೆ ಅದನ್ನು ಕೇಳುವ ಸಾಲು ಅರ್ಜಿಯಲ್ಲಿ ಇರಬೇಕಿತ್ತು.

ಬೆಳ್ಳಿ ಎರಡು ದಿನ ಊಟ ಮುಟ್ಟಲಿಲ್ಲವಂತೆ. ಅದನ್ನು ಗಮನಿಸಿದವನು ರಾತ್ರಿ ಪಾಳಿಯ ಹುಡುಗ. ಯಾರನ್ನೂ ಕೇಳದೆ ಅವಳನ್ನು ಮೂಲೆಯ ಕೋಣೆಗೆ ಸೇರಿಸಿ, ಅವಳಿಗೆ ಬೆನ್ನು ಮಾಡಿ ಕುಳಿತು ತನ್ನ ಅನ್ನ ತಾನು ಉಂಡನಂತೆ. ಮೂರನೆಯ ರಾತ್ರಿ ಅವಳೇ ಹತ್ತಿರ ಬಂದು ತಟ್ಟೆಗೆ ಬಾಯಿ ಹಾಕಿದಳಂತೆ. ದಿನಕ್ಕೆ ಕೊಟ್ಟ 800 ರೂಪಾಯಿಯಲ್ಲಿ ನಿಜವಾದ ಸೇವೆ ಎಂದರೆ ಅದೊಂದೇ.

ಧೈರ್ಯದ, ಗುಂಪಿಗೆ ಒಗ್ಗುವ ನಾಯಿಗಾದರೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಅಂಜುವ ನಾಯಿಗೆ ಎರಡು, ಅದೂ ಆ ಹುಡುಗನ ಪಾಳಿ ಇದ್ದರೆ. ಮುಂದಿನ ಸಲ ರಾಜ ಅಲ್ಲಿಗೇ ಹೋಗುತ್ತಾನೆ, ಬೆಳ್ಳಿ ಅತ್ತಿಗೆಯ ಮನೆಗೆ.