ಒಂದೇ ಕಯಾಕ್, ಮೂರು ಸೀಟು: ಮನೆಯಲ್ಲೇ ಮಾಡಿ, ಕೂತು ನೋಡಿದ್ದು

ಮುಲ್ಕಿಯಲ್ಲಿ ಶಾಂಭವಿ ನದಿಗೆ ಕಯಾಕ್ (ಕೂತು ಹುಟ್ಟು ಹಾಕುವ ಸಪೂರ ದೋಣಿ) ಇಳಿಸಿದರೆ ಮೊದಲ ಅರ್ಧ ಗಂಟೆ ಪರಮ ಸುಖ. ನಲವತ್ತು ನಿಮಿಷ ಆಯಿತೋ ಇಲ್ಲವೋ, ನನ್ನ ಬಲಗಾಲು ಜೋಮು ಹಿಡಿಯಲು ಶುರು. ಒಂದು ಗಂಟೆಯಾಗುವಷ್ಟರಲ್ಲಿ ಪಾದ ಎಲ್ಲಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ದಡ ಮುಟ್ಟಿದ ಮೇಲೂ ಕಾಂಡ್ಲಾ ಗಿಡ ಹಿಡಿದುಕೊಂಡು ಎರಡು ನಿಮಿಷ ನಿಲ್ಲಬೇಕಿತ್ತು. ನೀರಿನ ಮೇಲೆ ಕಾಲಿಗೆ ಸ್ಪರ್ಶವೇ ಇಲ್ಲದಿದ್ದರೆ ದೋಣಿ ವಾಲಿದ್ದು ಗೊತ್ತಾಗುವುದು ತಡ. ಹಾಗಾಗಿ ಇದನ್ನು ಸರಿ ಮಾಡಲೇಬೇಕು ಅಂತ ಕೂತೆ.

ನನ್ನದು ಹದಿನಾಲ್ಕು ಅಡಿಯ ಪ್ಲಾಸ್ಟಿಕ್ ಕಯಾಕ್, ಒಳಗೆ ಕಾಲು ಚಾಚಿ ಕೂರುವಂಥದ್ದು. ಅದರ ಜೊತೆ ಬಂದ ಸೀಟು ಬಹುತೇಕ ಚಪ್ಪಟೆ, ಮುಂದಿನ ಅಂಚು ತಗ್ಗು. ತೊಡೆಗೆ ಆಸರೆ ಇಲ್ಲ. ಮೈ ಭಾರವೆಲ್ಲ ಕುಂಡೆಯ ಎರಡು ಮೂಳೆಗಳ ಮೇಲೆ ಮತ್ತು ಅವುಗಳ ಸುತ್ತಲಿನ ನರದ ಮೇಲೆ ಬೀಳುತ್ತದೆ. ಮೆತ್ತಗಿನ ಸ್ಪಂಜ್ ಹಾಕಿದರೆ ಆಯಿತಲ್ಲ ಅಂತ ಅನಿಸುವುದು ಸಹಜ. ಹಾಕಿದೆ. ಸ್ಪಂಜ್ ನೀರು ಕುಡಿಯಿತು, ಮೂಳೆ ಅದನ್ನು ಒತ್ತಿ ತಳ ಮುಟ್ಟಿತು, ಅಷ್ಟೇ. ಬೇಕಾದದ್ದು ಮೆತ್ತಗಿನ ಸೀಟಲ್ಲ, ನನ್ನ ಆಕಾರದ ಸೀಟು.

ಮೊದಲು ಅಳತೆ. ಬಾಕ್ಸಿನ ರಟ್ಟು, ಒಳಗೆ ಅಲೆಅಲೆ ಇರುತ್ತದಲ್ಲ, ಅದನ್ನು ಮರದ ಸ್ಟೂಲಿನ ಮೇಲಿಟ್ಟು ಮೊಣಕಾಲು ಸ್ವಲ್ಪ ಎತ್ತಿ ಗಟ್ಟಿಯಾಗಿ ಕೂತೆ. ಎದ್ದು ನೋಡಿದರೆ ಎರಡು ಕುಳಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ ನನ್ನದು 12 ಸೆಂ.ಮೀ. ಮೂರು ಸೀಟಿಗೂ ಇದೇ ಆಧಾರ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಕಯಾಕನ್ನೇ ಮಾರು, ಮುಷ್ಟಿ, ಸೊಂಟದ ಅಗಲ ನೋಡಿ ಕಟ್ಟುತ್ತಿದ್ದರು. ಅಂದರೆ ದೋಣಿಯೇ ಅವರ ಮೈಯಳತೆಯದು. ನಾವು ಕಾರ್ಖಾನೆಯ ದೋಣಿ ತಂದು ಕಡೇ ಪಕ್ಷ ಕೂರುವ ಜಾಗವನ್ನಾದರೂ ಹಾಗೆ ಮಾಡಿಕೊಳ್ಳಬಹುದು ಅಲ್ವಾ?

ಪರೀಕ್ಷೆ ಹೀಗೆ ಇಟ್ಟುಕೊಂಡೆ: ಅದೇ ಕಯಾಕ್, ಅದೇ ನದಿ ಪಾತ್ರ, ಬೆಳಗ್ಗೆ ಎರಡು ಗಂಟೆ. ಕಾಲು ಯಾವಾಗ ಜೋಮು ಹಿಡಿಯಿತು ಅಂತ ಗಡಿಯಾರ ನೋಡಿ ಬರೆಯುವುದು.

ಮೊದಲನೆಯದು, ಸುರಿಯುವ ಫೋಮ್. ಪೂರ್ತಿ ಹೇಳಬೇಕೆಂದರೆ, ಇದಕ್ಕೂ ಮುಂಚೆ ಕಿಟಕಿ ಸಂದಿಗೆ ಹೊಡೆಯುವ ಸ್ಪ್ರೇ ಡಬ್ಬಿಯ ಫೋಮ್ ಪ್ರಯತ್ನಿಸಿದ್ದೆ. ಪ್ಲಾಸ್ಟಿಕ್ ಚೀಲದೊಳಗೆ ಹೊಡೆದು ಮೇಲೆ ಕೂತೆ. ಎರಡು ದಿನ ಕಳೆದರೂ ನಡುವೆ ಅಂಟಂಟು. ಆ ಫೋಮ್ ಗಟ್ಟಿಯಾಗಲು ಗಾಳಿಯ ತೇವ ಬೇಕು, ಚೀಲದೊಳಗೆ ಅದು ಸಿಗುವುದಿಲ್ಲ. ಇದನ್ನು ಯಾರೂ ಮಾಡಬೇಡಿ.

ಸರಿಯಾದದ್ದು ಎರಡು ದ್ರವ ಬೆರೆಸುವ ಪಾಲಿಯುರೆಥೇನ್ ಫೋಮ್. ನಾನು ತಂದದ್ದರಲ್ಲಿ ಸಮಪ್ರಮಾಣ ಬೆರೆಸಬೇಕಿತ್ತು. ದಪ್ಪ ಕಸದ ಚೀಲವನ್ನು ಹಳೇ ಸೀಟಿನ ಮೇಲೆ ಹಾಸಿ, ಒಳಗೆ ಸುರಿದು, ಬಾಯಿ ಮಡಚಿ, ತಕ್ಷಣ ಕೂತೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಬಿಸಿ ಬಿಸಿಯಾಗಿ ಉಬ್ಬುತ್ತಾ ಬಂತು. ದೋಸೆ ಹಿಟ್ಟು ರಾತ್ರಿಯೆಲ್ಲ ಉಬ್ಬುವುದನ್ನು ಒಂದೇ ನಿಮಿಷದಲ್ಲಿ ಮಾಡಿದ ಹಾಗೆ. ನನ್ನನ್ನೇ ಒಂದು ಇಂಚು ಎತ್ತಿತು! ಹದಿನೈದು ನಿಮಿಷ ಅಲ್ಲಾಡದೆ ಕೂತಿದ್ದೆ.

ಎದ್ದಾಗ ಅಚ್ಚು ಎಷ್ಟು ಚೆನ್ನಾಗಿತ್ತೆಂದರೆ, ಪ್ಯಾಂಟಿನ ಹೊಲಿಗೆ ಗೆರೆ ಕೂಡ ಮೂಡಿತ್ತು. ನೀರಿನಲ್ಲಿ ಮಾತ್ರ 55 ನಿಮಿಷಕ್ಕೇ ಜೋಮು ಬಂತು. ಕಾರಣ ಆಮೇಲೆ ಹೊಳೆಯಿತು. ಫೋಮ್ ಉಬ್ಬುವಾಗ ಗಾಬರಿಯಲ್ಲಿ ನಾನು ಬೆನ್ನು ಹಿಂದಕ್ಕೆ ಚೆಲ್ಲಿ ಕೂತಿದ್ದೆ. ಹುಟ್ಟು ಹಾಕುವಾಗ ಸೊಂಟ ಮುಂದಕ್ಕೆ ಬಾಗಿರುತ್ತದೆ. ಅಚ್ಚು ತಪ್ಪು ಭಂಗಿಯದ್ದು, ತಿದ್ದಲು ಎರಡನೇ ಅವಕಾಶ ಇಲ್ಲ. ಜೊತೆಗೆ ಒಂದು ಇಂಚು ಎತ್ತರವಾದದ್ದಕ್ಕೇ ದೋಣಿ ಅತ್ತಿತ್ತ ಹೊಯ್ದಾಡುವುದು ಜಾಸ್ತಿಯಾಯಿತು. ಗಟ್ಟಿ ಫೋಮಿನ ಅಂಚು ಮೂರನೇ ವಾರಕ್ಕೇ ಪುಡಿ ಪುಡಿಯಾಗಿ ಉದುರತೊಡಗಿತು. ಆ ಪುಡಿ ಹೊಳೆಗೆ ಬೀಳುವುದು ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಂದು ಮಾತು: ಇದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ, ಉಸಿರಾಟಕ್ಕೆ ಕೆಟ್ಟದ್ದು. ಕೈಗವಸು ಹಾಕಿ, ಬಯಲಲ್ಲೇ ಬೆರೆಸಿ. ಮಳೆಗಾಲ ಬೇಡವೇ ಬೇಡ. ತೇವ ಸೇರಿದರೆ ಫೋಮ್ ಹೇಗೆ ಉಬ್ಬುತ್ತದೆ ಅಂತ ಹೇಳಲಾಗದು.

ಎರಡನೆಯದು, ಫೈಬರ್. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ಕಟ್ಟುವವರು, ರಿಪೇರಿ ಮಾಡುವವರು ಇದ್ದಾರೆ, ಹಾಗಾಗಿ ಮ್ಯಾಟ್ (ಗಾಜಿನ ನಾರಿನ ಹಾಳೆ), ರೆಸಿನ್ (ಅದರ ಮೇಲೆ ಬಳಿದರೆ ಗಟ್ಟಿಯಾಗುವ ಅಂಟು ದ್ರವ) ಸಿಗುವುದು ಕಷ್ಟವಲ್ಲ. ಸಾಮಾನು ಕೊಟ್ಟ ಅಣ್ಣ ಮೊದಲೇ ಎಚ್ಚರಿಸಿದರು: "ಮಾರಾಯ್ರೆ, ಹಾರ್ಡ್ನರ್ ಜಾಸ್ತಿ ಹಾಕ್ಬೇಡಿ, ಬ್ರಶ್ ಕೈಯಲ್ಲಿರುವಾಗಲೇ ಕಲ್ಲಾಗ್ತದೆ. ಕೋಬಾಲ್ಟ್ ಮೊದಲು ರೆಸಿನ್‌ಗೆ ಬೆರೆಸಿ. ಹಾರ್ಡ್ನರ್ ಜೊತೆ ಅದನ್ನು ನೇರ ಸೇರಿಸಿದ್ರೆ ಬೆಂಕಿ ಹತ್ತೀತು." ಹಾರ್ಡ್ನರ್ ಅಂದರೆ ರೆಸಿನ್ ಗಟ್ಟಿ ಮಾಡುವ ದ್ರವ, ಕೋಬಾಲ್ಟ್ ಆ ಕೆಲಸವನ್ನು ಚುರುಕು ಮಾಡುವ ದ್ರವ. ಅಣ್ಣನ ಎರಡನೇ ಮಾತು ದಯವಿಟ್ಟು ನೆನಪಿಡಿ. ಅವೆರಡೂ ನೇರವಾಗಿ ಕೂಡಿದರೆ ಸಿಡಿಯುವಷ್ಟು ಜೋರಾಗಿ ಕೆಲಸ ಮಾಡುತ್ತವೆ.

ಅಚ್ಚಿಗೆ ಜೇಡಿಮಣ್ಣು ಬಳಸಿದೆ. ತಟ್ಟೆಯಲ್ಲಿ ನಾದಿದ ಮಣ್ಣು ತುಂಬಿ, ಪ್ಲಾಸ್ಟಿಕ್ ಹಾಸಿ, ಈ ಸಲ ಕೈಯಲ್ಲಿ ಹುಟ್ಟು ಹಿಡಿದು ಹಾಕುವ ಭಂಗಿಯಲ್ಲೇ ಕೂತೆ. ಸರಿ ಬರಲಿಲ್ಲವೆಂದರೆ ಮಣ್ಣು ಮತ್ತೆ ನಾದಿ ಕೂರಬಹುದು. ಇದು ದೊಡ್ಡ ಅನುಕೂಲ. ನಾಲ್ಕನೇ ಸಲಕ್ಕೆ ಒಪ್ಪಿಗೆಯಾಯಿತು. ಥರ್ಮಾಕೋಲಿನಲ್ಲಿ ಕೆತ್ತಿ ಅದರ ಮೇಲೆ ಈ ರೆಸಿನ್ ಬಳಿಯುವ ಯೋಚನೆ ಇದ್ದರೆ ಬಿಡಿ, ಪಾಲಿಯೆಸ್ಟರ್ ರೆಸಿನ್ ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಮಣ್ಣಿನ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಮೂರು ಪದರ ಮ್ಯಾಟ್. ಅಂಚು ಉಜ್ಜುವಾಗ ಮಾಸ್ಕ್ ಹಾಕಿದ್ದೆ, ತೋಳು ಮುಚ್ಚಿರಲಿಲ್ಲ. ಎರಡು ದಿನ ತುರಿಕೆ.

ಈ ಸೀಟು ಚಂದ, ಗಟ್ಟಿ. ದೋಣಿಯನ್ನು ಸೊಂಟದಿಂದ ವಾಲಿಸಿದರೆ ಅದೇ ಕ್ಷಣಕ್ಕೆ ವಾಲುತ್ತದೆ. ಅಂಥ ಹಿಡಿತ ಬೇರೆ ಯಾವುದರಲ್ಲೂ ಸಿಗಲಿಲ್ಲ. ಜೋಮು ಬಂದದ್ದು 90 ನಿಮಿಷಕ್ಕೆ. ಆದರೆ ಬಲ ಮೂಳೆಯ ಹತ್ತಿರ ಒಂದು ಕಡೆ ಸ್ವಲ್ಪವೇ ಒತ್ತುತ್ತಿತ್ತು. ಫೈಬರ್ ಎರಡು ಮಿಲಿಮೀಟರ್ ಕೂಡ ಬಿಟ್ಟುಕೊಡುವುದಿಲ್ಲ. ಉಜ್ಜಿದರೆ ಪದರ ತೆಳುವಾಗುತ್ತದೆ.

ಮೂರನೆಯದು ನನ್ನ ಮನಸ್ಸು ಗೆದ್ದದ್ದು: ಇವಿಎ ಶೀಟು ಅಂಟಿಸಿ ಕೆತ್ತುವುದು. ಚಪ್ಪಲಿ ಸಾಮಾನು ಮಾರುವಲ್ಲಿ ಸಿಗುವ, ರಬ್ಬರಿನಂಥ ಫೋಮಿನ ಅದೇ ಶೀಟು. ಇದರ ಗುಳ್ಳೆಗಳೆಲ್ಲ ಮುಚ್ಚಿಕೊಂಡಿರುವುದರಿಂದ ನೀರು ಕುಡಿಯುವುದಿಲ್ಲ. ಕಾಂಟ್ಯಾಕ್ಟ್ ಗೋಂದನ್ನು ಎರಡೂ ಮುಖಕ್ಕೆ ಬಳಿದು, ಬೆರಳಿಗೆ ಅಂಟದಷ್ಟು ಒಣಗಲು ಬಿಟ್ಟು, ಆಮೇಲೆ ಕೂಡಿಸಬೇಕು. ಒಂದು ಸಲ ತಾಗಿದರೆ ಕದಲಿಸಲು ಆಗುವುದಿಲ್ಲ, ಹಾಗಾಗಿ ಒಂದು ಅಂಚಿನಿಂದ ಚಾಪೆ ಬಿಡಿಸಿದ ಹಾಗೆ ಒತ್ತುತ್ತಾ ಹೋಗಿ. ಹೀಗೆ 7 ಸೆಂ.ಮೀ. ದಪ್ಪದ ದಿಮ್ಮಿ ಮಾಡಿಕೊಂಡೆ.

ಕೆತ್ತುವುದಕ್ಕೆ ಹ್ಯಾಕ್ಸಾ ಬ್ಲೇಡು, ಕೊನೆಗೆ ಮರಕ್ಕೆ ಸುತ್ತಿದ 40 ನಂಬರ್ ಉಪ್ಪುಕಾಗದ. ರಟ್ಟಿನ ಗುರುತು ನೋಡಿ ಎರಡು ಕುಳಿ. ಮೊದಲ ದಿನ ಒಂದೇ ಸೆಂ.ಮೀ. ಆಳ. ನೀರಿಗೆ ಹೋದೆ, ಬಂದೆ. ಒತ್ತಿದ ಜಾಗಕ್ಕೆ ಪೆನ್ನಿನ ಗುರುತು ಹಾಕಿ ಇನ್ನಷ್ಟು ಉಜ್ಜಿದೆ. ಮತ್ತೆ ನೀರಿಗೆ. ಮೂರು ವಾರ ಇದೇ ನಡೆಯಿತು. ಕುಳಿ ಸರಿಹೋಗಿದ್ದು ಎರಡೂವರೆ ಸೆಂ.ಮೀ. ಆಳಕ್ಕೆ. ಜೋಮಿನ ವಿಷಯದಲ್ಲಿ ಕೆಲಸ ಮಾಡಿದ್ದು ಮಾತ್ರ ಕುಳಿಗಿಂತ ಮುಂದಿನ ಏರು. ತೊಡೆಯ ಕೆಳಗೆ ಬರುವ ಅಂಚನ್ನು ಎತ್ತರಕ್ಕೇ ಬಿಟ್ಟು ತುದಿ ಮಾತ್ರ ದುಂಡಗೆ ಮಾಡಿದಾಗ ಭಾರ ತೊಡೆಗೂ ಹಂಚಿತು. ಆ ದಿನ ಎರಡು ಗಂಟೆ ಹುಟ್ಟು ಹಾಕಿ, ದಡಕ್ಕೆ ಬಂದು, ಏನನ್ನೂ ಹಿಡಿಯದೆ ಎದ್ದು ನಿಂತೆ. ಕಣ್ಣು ಒದ್ದೆಯಾಯಿತು ಅಂದರೆ ನಂಬುತ್ತೀರಾ!

ಕೊರತೆ ಇಲ್ಲವೆಂದಲ್ಲ. ಫೈಬರಿನಷ್ಟು ಹಿಡಿತ ಇಲ್ಲ. ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟರೆ ಇವಿಎ ಕುಗ್ಗುತ್ತದೆ. ಮತ್ತೆ ನನ್ನ ದೋಣಿಯ ಪಾಲಿಎಥಿಲೀನ್ ಪ್ಲಾಸ್ಟಿಕ್ಕಿಗೆ ಗೋಂದು ಸರಿಯಾಗಿ ಹಿಡಿಯುವುದೇ ಇಲ್ಲ. ಹಳೇ ಸೀಟಿನ ಬೋಲ್ಟ್ ತೂತುಗಳಿಂದ ಎರಡು ನೈಲಾನ್ ಪಟ್ಟಿ ತಂದು ಬಿಗಿದಿದ್ದೇನೆ. ಇದು ಮುಖ್ಯ. ದೋಣಿ ಮಗುಚಿದಾಗ ಸಡಿಲ ಸೀಟು ಕಾಲಿಗೆ ಅಡ್ಡ ಬರಬಾರದು. ಸೊಂಟದ ಪಕ್ಕ ಬೆರಳು ತೂರುವಷ್ಟು ಸಂದು ಬಿಡಿ. ಯಾವ ಸೀಟೇ ಮಾಡಿ, ಸೊಂಟಮಟ್ಟದ ನೀರಿನಲ್ಲಿ, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು, ಲೈಫ್ ಜಾಕೆಟ್ ಹಾಕಿ, ಬೇಕೆಂದೇ ಮಗುಚಿ ಹೊರಬಂದು ನೋಡಿ.

ಜೋರು ನೀರಿನಲ್ಲಿ ಆಡುವವರು, ಮೈ ಅಳತೆ ಬದಲಾಗದವರು ಫೈಬರಿಗೆ ಹೋಗಲಿ. ಎರಡು ಮೂರು ಗಂಟೆ ಹೊಳೆಯಲ್ಲಿ ನಿಧಾನ ಸುತ್ತುವವರಿಗೆ ನಾನು ಕಣ್ಣು ಮುಚ್ಚಿ ಇವಿಎ ಅಂತಲೇ ಹೇಳುತ್ತೇನೆ. ಸುರಿಯುವ ಫೋಮನ್ನು ನಾನಂತೂ ಇನ್ನು ಮುಟ್ಟುವುದಿಲ್ಲ.

ಹೋದ ಭಾನುವಾರ ತಂಗಿ ನನ್ನ ಸೀಟಿನಲ್ಲಿ ಕೂತಳು. ಹತ್ತೇ ನಿಮಿಷಕ್ಕೆ, "ಅಣ್ಣ, ಕುಳಿಯ ಹೊರ ಅಂಚು ಚುಚ್ತದೆ" ಅಂದಳು. ಮನೆಗೆ ಬಂದು ರಟ್ಟಿನ ಮೇಲೆ ಕೂರಿಸಿದೆ. ಅವಳದು 14 ಸೆಂ.ಮೀ. ಚುಚ್ಚಿದ್ದು ಅದಕ್ಕೇ. ಅವಳ ಶೀಟುಗಳನ್ನು ಅಂಟಿಸಿ ಭಾರ ಹೇರಿ ಇಟ್ಟಿದ್ದೇನೆ, ಮುಂದಿನ ವಾರ ಕೆತ್ತುವುದು ಶುರು.