ಹಳೇ ಪಲ್ಪ್ ಪತ್ರಿಕೆಗೆ ದುಡ್ಡು ಕಳಿಸುವ ಮುಂಚೆ ಇದನ್ನು ಓದಿ

ವಾಟ್ಸಾಪ್‌ನಲ್ಲಿ ಹಳೇ ಇಂಗ್ಲಿಷ್ ಸೈನ್ಸ್ ಫಿಕ್ಷನ್ ಪಲ್ಪ್ ಪತ್ರಿಕೆ (ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದ ಕಥೆಗಳ ಪತ್ರಿಕೆ), ಪಾಕೆಟ್ ಪುಸ್ತಕ ಮಾರುವವನೊಬ್ಬ ಇದ್ದಾನೆ. ಬೆಂಗಳೂರಿನವನು ಅಂತ ಹೇಳಿಕೊಳ್ಳುತ್ತಾನೆ. ಹೆಸರು, ನಂಬರ್ ಇಲ್ಲಿ ಹಾಕುವುದಿಲ್ಲ. ಆದರೆ ಎಂಥ ಫೋಟೋ ಕಳಿಸುತ್ತಾನೆ, ಏನೇನು ಮಾತಾಡುತ್ತಾನೆ ಅಂತ ಪೂರ್ತಿ ಬರೆಯುತ್ತೇನೆ. ಅವನ ಜೊತೆ ವ್ಯವಹಾರ ಮಾಡಿದವರಿಗೆ ತಕ್ಷಣ ಗೊತ್ತಾಗುತ್ತೆ. ನನ್ನಿಂದ 7,500 ರೂಪಾಯಿ ತಗೊಂಡು, ಸ್ಕ್ಯಾನ್ ಮಾಡಿ ಈಗ ಅಚ್ಚು ಹಾಕಿದ ಪ್ರತಿಯನ್ನು 1951ರ ಒರಿಜಿನಲ್ ಅಂತ ಕೊಟ್ಟಿದ್ದಾನೆ. ಕೇಳಿದರೆ ನನಗೇ ಬುದ್ಧಿ ಹೇಳುತ್ತಾನೆ.

ನಾನು ಅಮೆರಿಕದ ಲೇಖಕಿ ಲೀ ಬ್ರಾಕೆಟ್ ಅವರ ಕಥೆಗಳನ್ನು ಹುಡುಕಿಕೊಂಡು ಓದುವವಳು. ಸ್ಟಾರ್ ವಾರ್ಸ್‌ನ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರಕಥೆಯ ಮೊದಲ ಕರಡು ಬರೆದವರು ಅಂದರೆ ಜಾಸ್ತಿ ಜನಕ್ಕೆ ಗೊತ್ತಾಗುತ್ತೆ. 1978ರಲ್ಲಿ ಅದನ್ನು ಬರೆದುಕೊಟ್ಟ ಕೆಲವೇ ವಾರಗಳಲ್ಲಿ ತೀರಿಕೊಂಡರು. ಆದರೆ ನನಗೆ ಅವರು ಸಿಕ್ಕಿದ್ದು ಸಿನಿಮಾದಿಂದ ಅಲ್ಲ, ಅವರ ಮಂಗಳ ಗ್ರಹದಿಂದ. ಬತ್ತಿಹೋದ ಕಡಲು, ನೀರಿಲ್ಲದ ಬಂದರು, ಒಂದು ಕಾಲಕ್ಕೆ ಮೆರೆದು ಈಗ ಧೂಳು ತಿನ್ನುತ್ತಿರುವ ಊರುಗಳು. ಅಲ್ಲಿ ಎರಿಕ್ ಜಾನ್ ಸ್ಟಾರ್ಕ್ ಅಂತ ಒಬ್ಬ ಅಲೆಮಾರಿ. ಬುಧ ಗ್ರಹದ ಕಾಡು ಜನ ಸಾಕಿ ಬೆಳೆಸಿದ ಅನಾಥ. ರಾಕೆಟ್ಟು, ಕತ್ತಿ ಎರಡೂ ಇರುವ ಕಥೆ ಅಂತ ಕೆಲವರು ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಸೋತ ಊರಿನ ದುಃಖವನ್ನು ಅಷ್ಟು ಕಡಿಮೆ ಮಾತಿನಲ್ಲಿ ಹೇಳುವವರು ಆ ಪಲ್ಪ್ ಪತ್ರಿಕೆಗಳಲ್ಲಿ ನನಗಂತೂ ಬೇರೆ ಯಾರೂ ಸಿಕ್ಕಿಲ್ಲ.

ಸ್ಟಾರ್ಕ್‌ನ ಮೊದಲ ಮೂರು ಕಥೆಗಳೂ ಬಂದಿದ್ದು ‘ಪ್ಲಾನೆಟ್ ಸ್ಟೋರೀಸ್’ ಪತ್ರಿಕೆಯಲ್ಲಿ. ಎರಡು 1949ರಲ್ಲಿ, ಮೂರನೆಯದು ‘ಬ್ಲ್ಯಾಕ್ ಅಮೆಜಾನ್ ಆಫ್ ಮಾರ್ಸ್’, 1951ರ ಮಾರ್ಚ್ ಸಂಚಿಕೆಯಲ್ಲಿ. ಈ ಮೂರನೆಯದನ್ನೇ 1964ರಲ್ಲಿ ಹಿಗ್ಗಿಸಿ ‘ಪೀಪಲ್ ಆಫ್ ದಿ ಟಾಲಿಸ್ಮನ್’ ಅಂತ ಏಸ್ ಡಬಲ್ ಪುಸ್ತಕದಲ್ಲಿ (ಎರಡು ಕಥೆ ಒಟ್ಟಿಗೆ ಇರುವ ಪಾಕೆಟ್ ಪುಸ್ತಕ) ಹಾಕಿದರು. ಹಿಗ್ಗಿಸುವಾಗ ಕೊನೆಯನ್ನೇ ಬದಲಾಯಿಸಿಬಿಟ್ಟರು. ಪತ್ರಿಕೆಯಲ್ಲಿ, ಕಥೆಯ ಕೊನೆಗೆ ಬರುವ ಕಣಿವೆಯ ಆಚೆ ಇರುವುದು ಹಿಮದಲ್ಲಿ ಬದುಕುವ, ಶಾಖ ಕಂಡರೆ ಆಗದ ಜೀವಿಗಳು. ಪುಸ್ತಕದಲ್ಲಿ ಅಲ್ಲಿರುವವರೇ ಬೇರೆ. ನನಗೆ ಪತ್ರಿಕೆಯ ಕೊನೆಯೇ ಇಷ್ಟ. ಅದಕ್ಕೇ ಆ ಸಂಚಿಕೆಯೇ ಬೇಕಿತ್ತು. ಅದೇ, ಆಗ ಅಚ್ಚಾಗಿದ್ದು, ಆ ಕಾಗದದ ಮೇಲೆ.

ಅವನು ಕಳಿಸಿದ ಫೋಟೋ ಚೆನ್ನಾಗಿತ್ತು. ರಕ್ಷಾಪುಟದ ಮೇಲೆ ಸೆಂಟ್ ಲೆಕ್ಕದಲ್ಲಿ ಬೆಲೆ. ಕೆಳಮೂಲೆಯಲ್ಲಿ ಓರೆಯಾಗಿ ಒಂದು ಮಡಿಕೆ. ಮೇಲೆ ನೇರಳೆ ಇಂಕಿನಲ್ಲಿ ಯಾವುದೋ ಅಮೆರಿಕದ ಅಂಗಡಿಯ ರಬ್ಬರ್ ಸ್ಟಾಂಪು, ಅರ್ಧ ಮಾಸಿದ್ದು. ಹಳೇ ಪುಸ್ತಕ ಕೊಂಡು ಅಭ್ಯಾಸ ಇರುವವರಿಗೆ ಗೊತ್ತಲ್ವಾ, ಮಡಿಕೆ, ಸ್ಟಾಂಪು ಇದ್ದರೆ ನಂಬಿಕೆ ಜಾಸ್ತಿ ಆಗುತ್ತೆ. “ಒರಿಜಿನಲ್ ತಾನೆ?” ಅಂತ ಕೇಳಿದೆ. “ನೂರಕ್ಕೆ ನೂರು ಒರಿಜಿನಲ್ ಮೇಡಂ, ಮೈಸೂರಲ್ಲಿ ಒಬ್ಬರು ಪ್ರೊಫೆಸರ್ ಮನೆ ಖಾಲಿ ಮಾಡಿದಾಗ ಸಿಕ್ಕಿದ್ದು” ಅಂದ. ಒಳಪುಟದ ಫೋಟೋ ಕೇಳಿದೆ. “ತುಂಬಾ ನಾಜೂಕು ಮೇಡಂ, ಬಿಚ್ಚಿದ್ರೆ ಪುಡಿ ಆಗತ್ತೆ” ಅಂದ. ಪಲ್ಪ್ ಕಾಗದ ನಿಜವಾಗಿಯೂ ಹಾಗೇ ಇರುತ್ತೆ. ಆ ನಿಜವನ್ನೇ ಹಿಡಿದು ಮೋಸ ಮಾಡಿದ.

ಬ್ರಾಕೆಟ್ ಬಗ್ಗೆ ಮಾತು ತೆಗೆದರೆ “ಸಖತ್ ರೈಟರ್ ಮೇಡಂ, ಅವನ ಬುಕ್ಕು ನಿಲ್ಲೋದೇ ಇಲ್ಲ” ಅಂದ. ಅವನ! ಹಾಲಿವುಡ್ ನಿರ್ದೇಶಕ ಹೊವರ್ಡ್ ಹಾಕ್ಸ್ ಕೂಡ ಅವರ ಪತ್ತೇದಾರಿ ಕಾದಂಬರಿ ಓದಿ, ಬರೆದವರು ಗಂಡಸು ಅಂದುಕೊಂಡೇ ಕರೆಸಿದ್ದರಂತೆ. ಆದರೆ ಹಾಕ್ಸ್ ಬ್ರಾಕೆಟ್ ಅವರ ಪುಸ್ತಕ ಮಾರುವ ವ್ಯಾಪಾರಕ್ಕೆ ಕೂತಿರಲಿಲ್ಲ.

ಪಾರ್ಸೆಲ್ ಬಂತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಿದೆ. “ಪುಟ್ಟಿ, ಹುಷಾರು, ಇದು ನಿನ್ನ ಅಜ್ಜಿಗಿಂತ ದೊಡ್ಡದು” ಅಂತ ಹೇಳಿ ಕೈ ಒರೆಸಿಕೊಂಡು ಬರಲು ಕಳಿಸಿದ್ದೆ. ಅವಳು ಆ ಮಡಿಕೆಯ ಮೇಲೆ ಬೆರಳಾಡಿಸಿ, “ಅಮ್ಮಾ, ಇದು ಮಡಿಸೇ ಇಲ್ಲ” ಅಂದಳು. ನಾನೂ ಉಗುರಿನಿಂದ ಮುಟ್ಟಿ ನೋಡಿದೆ. ನುಣ್ಣಗಿತ್ತು. ಮಡಿಕೆ ಕಾಗದದಲ್ಲಿ ಇರಲಿಲ್ಲ, ಚಿತ್ರದಲ್ಲಿತ್ತು. ಇನ್ಯಾರದೋ ಪ್ರತಿಯ ಮಡಿಕೆಯನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ್ದರು. ಸ್ಟಾಂಪೂ ಅಷ್ಟೇ. ಒದ್ದೆ ಬೆರಳಿಟ್ಟು ಉಜ್ಜಿದೆ, ಅದರ ಮೇಲೆಲ್ಲ ಒಂದೇ ಸಮನೆ ಲ್ಯಾಮಿನೇಷನ್ ಹೊಳಪು. ನನ್ನ ಮುಖ ಬಿಸಿಯಾಯಿತು. ಮಗು ಒಂದೇ ಕ್ಷಣದಲ್ಲಿ ಕಂಡುಹಿಡಿದಿದ್ದನ್ನು ಆ ಮನುಷ್ಯ ದುಡ್ಡು ಎಣಿಸಿಕೊಂಡು ಮುಚ್ಚಿಟ್ಟಿದ್ದ.

ಒಳಗೆ ಬಿಳಿ ಕಾಗದ. ಪಲ್ಪ್ ಕಾಗದ ಅಗ್ಗದ ಮರದ ತಿರುಳಿನದು, ಅದರಲ್ಲಿನ ಆಮ್ಲದಿಂದ ಕಂದು ತಿರುಗುತ್ತೆ, ಅಂಚು ಮುರಿಯುತ್ತೆ, ಅದಕ್ಕೊಂದು ವಾಸನೆ ಇರುತ್ತೆ. ಇದಕ್ಕೆ ಇದ್ದಿದ್ದು ಜೆರಾಕ್ಸ್ ಅಂಗಡಿಯ ವಾಸನೆ. ಆಗಿನ ಪತ್ರಿಕೆಗೆ ಬೆನ್ನಿನ ಬದಿಯಲ್ಲಿ ಪಿನ್ನು ಹೊಡೆದಿರುತ್ತಿದ್ದರು, ಅದು ತುಕ್ಕು ಹಿಡಿದಿರುತ್ತೆ. ಇದರಲ್ಲಿ ಪಿನ್ನೇ ಇಲ್ಲ, ಬರೀ ಗಮ್ಮು.

ಹಿಂದಿನ ರಕ್ಷಾಪುಟದಲ್ಲಿ ಒಂದು ಬಿಳಿ ಸ್ಟಿಕ್ಕರ್. ಅದರ ಮೇಲೆ ಪೆನ್ನಲ್ಲಿ ಏನೋ ನಂಬರ್. ಮೆಲ್ಲಗೆ ಕಿತ್ತೆ. ಕೆಳಗೆ ಬಾರ್‌ಕೋಡ್! 1951ರ ಪತ್ರಿಕೆಯ ಮೇಲೆ ಬಾರ್‌ಕೋಡ್ ಎಲ್ಲಿಂದ ಬರಬೇಕು? ಅಂದರೆ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಅಂಟಿಸಿದ್ದಾನೆ. ಗೊತ್ತಿಲ್ಲದೆ ಆಗಿದ್ದರೆ ಸುಮ್ನೆ ಬಿಡುತ್ತಿದ್ದೆ, ಈ ಸ್ಟಿಕ್ಕರ್ ನೋಡಿದ ಮೇಲೆ ಬಿಡಲು ಆಗುತ್ತಿಲ್ಲ.

ಫೋಟೋ ತೆಗೆದು ಕಳಿಸಿದೆ. ಬಂದ ಉತ್ತರಗಳನ್ನು ಹಾಗೇ ಹಾಕುತ್ತೇನೆ.

“ಮೇಡಂ, ಒರಿಜಿನಲ್ ಅಂದ್ರೆ ಒರಿಜಿನಲ್ ಕಥೆ. ಒಂದಕ್ಷರ ಬಿಟ್ಟಿಲ್ಲ, ಚೆಕ್ ಮಾಡಿ.”

ಮೈಸೂರಿನ ಪ್ರೊಫೆಸರ್ ಏನಾದರು ಅಂತ ಕೇಳಿದೆ. “ಅದು ಬೇರೆ ಲಾಟು ಮೇಡಂ.”

ದುಡ್ಡು ವಾಪಸ್ ಕೊಡಿ ಅಂದೆ. “ಓದೋಕೆ ತಾನೆ ತಗೊಂಡಿದ್ದು? ಹಳೇದಾಗಿದ್ರೆ ಕೈಯಲ್ಲೇ ಉದುರೋದು. ಇದು ಚೆನ್ನಾಗಿ ಬಾಳಿಕೆ ಬರತ್ತೆ.”

ಸ್ಟಿಕ್ಕರ್ ಯಾಕೆ ಅಂಟಿಸಿದಿರಿ ಅಂತ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಆಮೇಲೆ ಬಂದಿದ್ದು ಇದು: “ನಿಮ್ಮ ಯಜಮಾನ್ರಿಗೆ ಫೋನ್ ಕೊಡಿ ಮೇಡಂ, ಅವರ ಹತ್ರ ಮಾತಾಡ್ತೀನಿ.”

ದುಡ್ಡು ನನ್ನದು. ಖಾತೆ ನನ್ನದು. ಪತ್ರಿಕೆ ಕೇಳಿದ್ದು ನಾನು. ಯಜಮಾನರ ಹತ್ತಿರ ಏನು ಮಾತಾಡುತ್ತಾನೆ? ಸ್ಟಿಕ್ಕರ್ ಬಗ್ಗೆ ನನಗೆ ಉತ್ತರ ಕೊಡು ಅಂತ ಬರೆದೆ. ಬ್ಲಾಕ್ ಮಾಡಿದ.

ಹೀಗೆ ಮರುಮುದ್ರಣ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮರುಮುದ್ರಣ ಅಂತ ಹೇಳಿ, ಅದರ ಬೆಲೆಗೆ ಮಾರಲಿ, ನಾನೇ ಕೊಳ್ಳುತ್ತೇನೆ. ಬರೀ ಓದಲಿಕ್ಕಾದರೆ ಒಂದು ಪೈಸೆಯೂ ಬೇಡ. ‘ಬ್ಲ್ಯಾಕ್ ಅಮೆಜಾನ್ ಆಫ್ ಮಾರ್ಸ್’ ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಇದೆ, ಹಿಮದ ಜೀವಿಗಳಿರುವ, ಪತ್ರಿಕೆಯಲ್ಲಿ ಬಂದ ರೂಪವೇ. ಪ್ಲಾನೆಟ್ ಸ್ಟೋರೀಸ್‌ನ ಸ್ಕ್ಯಾನ್‌ಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಅವನು ಮಾರಿದ್ದು ಕಥೆಯನ್ನಲ್ಲ, ಎಪ್ಪತ್ತು ವರ್ಷ ಹಳೆಯ ಕಾಗದ ಅನ್ನುವ ಮಾತನ್ನು. ಆ ಮಾತು ಸುಳ್ಳು.

ಕೊಳ್ಳುವವರು ಫೋಟೋ ನಂಬಬೇಡಿ, ವಿಡಿಯೋ ಕೇಳಿ. ಇವತ್ತಿನ ತಾರೀಖು ಬರೆದ ಚೀಟಿ ಪಕ್ಕದಲ್ಲಿಟ್ಟು, ಬೆನ್ನಿನ ಪಿನ್ನು, ಪುಟದ ಅಂಚು, ಹಿಂದಿನ ರಕ್ಷಾಪುಟ ಮೂರೂ ಕಾಣಬೇಕು. ಪುಡಿ ಆಗತ್ತೆ ಅಂದರೆ ಅಲ್ಲಿಗೇ ನಿಲ್ಲಿಸಿ. ಕೊರಿಯರ್‌ನಲ್ಲಿ ಬರುವಷ್ಟು ಗಟ್ಟಿ ಇದ್ದಿದ್ದು ವಿಡಿಯೋಗೆ ಪುಡಿ ಆಗಲ್ಲ. ಸ್ಟಿಕ್ಕರ್ ಕಂಡರೆ ಕೀಳಿಸಿ ನೋಡಿ. ಮುಖ್ಯವಾಗಿ, ಪಾರ್ಸೆಲ್ ಬಿಚ್ಚುವಾಗ ನೀವೂ ವಿಡಿಯೋ ಮಾಡಿಕೊಳ್ಳಿ.

ಯುಪಿಐ ಆ್ಯಪ್‌ನಲ್ಲಿ ದೂರು ಹಾಕಿದ್ದೇನೆ, ಸೈಬರ್ ಸಹಾಯವಾಣಿ 1930ಕ್ಕೂ ಹೇಳಿದ್ದೇನೆ. ಮೊನ್ನೆ ಪರಿಚಯದವರೊಬ್ಬರಿಗೆ ಅದೇ ಫೋಟೋ ಹೋಗಿದೆ. ಅದೇ ಮಡಿಕೆ, ಅದೇ ನೇರಳೆ ಸ್ಟಾಂಪು. ಬೆಲೆ ಈಗ 9,000. ಈ ಸಲ ಪ್ರೊಫೆಸರ್ ಧಾರವಾಡದವರಂತೆ. ನಿಮಗೂ ಬಂದಿದ್ದರೆ ದುಡ್ಡು ಕಳಿಸಬೇಡಿ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ನನಗೆ ತಿಳಿಸಿ, ದೂರಿನ ಜೊತೆ ಸೇರಿಸುತ್ತೇನೆ.