ಊಟ ಮಾಡದ ಮಗಳಿಗೆ ಟಿನ್ ಪೌಡರ್, ಚಾಕಲೇಟ್ ಪೌಡರ್, ರಾಗಿ ಮಾಲ್ಟ್: ಮೂರೂ ಕೊಟ್ಟು ನೋಡಿದ್ಮೇಲೆ

ನಮ್ಮ ಅಡುಗೆಮನೆ ಸಜ್ಜಾ ಮೇಲೆ ಮಕ್ಕಳಿಗೆ ಊಟದ ಬದಲು ಅಂತ ಕೊಡೋ ಪೌಡರಿನ, ವೆನಿಲ್ಲಾ ಫ್ಲೇವರಿನ ಒಂದು ದೊಡ್ಡ ಟಿನ್ ಕೂತಿದೆ, ತಂದು ಮೂರು ತಿಂಗಳಾಯ್ತು, ಇನ್ನೂ ಪೂರ್ತಿ ಖಾಲಿಯಾಗಿಲ್ಲ. ಅದರ ದುಡ್ಡು ಹೋಗಿದ್ದಕ್ಕಿಂತ ಅದನ್ನ ಕೊಡ್ತಿದ್ದ ದಿನಗಳಲ್ಲಿ ಮಗಳು ಪಟ್ಟ ಪಾಡು ನೆನೆಸ್ಕೊಂಡ್ರೆ ಈಗ್ಲೂ ಬೇಜಾರಾಗುತ್ತೆ. ಅದಕ್ಕೇ ಬರೀತಿದ್ದೀನಿ. ಮೊದಲೇ ಹೇಳ್ಬಿಡ್ತೀನಿ, ನನ್ನ ವೋಟು ರಾಗಿ ಮಾಲ್ಟ್‌ಗೆ, ಯಾಕೆ ಅಂತ ಓದ್ತಾ ಗೊತ್ತಾಗುತ್ತೆ.

ನಮ್ಮನೆ ಪರಿಸ್ಥಿತಿ ಇಷ್ಟು: ಮಗಳಿಗೆ ನಾಲ್ಕು ವರ್ಷ, ಎಲ್‌ಕೆಜಿ. ಮೊಸರನ್ನ, ದೋಸೆಯ ಗರಿಗರಿ ಅಂಚು, ಬೆಣ್ಣೆ ಬಿಸ್ಕೆಟ್ಟು, ಇವಿಷ್ಟೇ ಅವಳ ಪ್ರಪಂಚ. ಸಾರಲ್ಲಿ ಒಂದು ಕೊತ್ತಂಬರಿ ಎಲೆ ಕಂಡ್ರೂ ತಟ್ಟೆ ತಳ್ತಾಳೆ. ನನ್ನ ಹೆಂಡತಿ ಏಳು ಗಂಟೆಗೆ ಆಫೀಸ್ ಕ್ಯಾಬ್ ಹತ್ತುತ್ತಾಳೆ, ಆಮೇಲಿಂದ 8.20ಕ್ಕೆ ಸ್ಕೂಲ್ ವ್ಯಾನ್ ಬರೋವರ್ಗೂ ಎಬ್ಸೋದು, ಸ್ನಾನ, ತಿಂಡಿ, ಡಬ್ಬಿ ಎಲ್ಲಾ ನಂದೇ. ಆ ಹೊತ್ತಲ್ಲಿ ತಿಂಡಿ ತಿನ್ಸಕ್ಕೆ ಆಗ್ದೇ ಇದ್ದಾಗ ವ್ಯಾನ್ ಹತ್ರ ನಿಲ್ಲೋ ಬೇರೆ ಅಪ್ಪ-ಅಮ್ಮಂದ್ರು "ತಿಂಡಿ ಬದಲು ಪೌಡರ್ ಶುರು ಮಾಡಿ ಸರ್" ಅಂದ್ರು, ನಾನೂ ಶುರು ಮಾಡ್ದೆ.

ನಾನು ಒಂದೇ ಒಂದು ವಿಷ್ಯ ನೋಡಿ ಅಳತೆ ಮಾಡಿದ್ದು: ಬೆಳಿಗ್ಗೆ ಆ ಲೋಟ ಕುಡಿದು ಹೋದ ದಿನ ಮಧ್ಯಾಹ್ನ ಡಬ್ಬಿ ಹೇಗೆ ವಾಪಸ್ ಬರುತ್ತೆ. ವಿಟಮಿನ್ ಎಷ್ಟು, ಡಿಎಚ್‌ಎ (ಮೆದುಳಿಗೆ ಒಳ್ಳೇದು ಅಂತ ಹಾಕೋ ಒಂದು ಕೊಬ್ಬಿನಂಶ) ಎಷ್ಟು ಅಂತ ಡಬ್ಬದ ಮೇಲೇ ಬರ್ದಿರುತ್ತೆ, ಅದನ್ನ ಮತ್ತೆ ಬರೆಯಲ್ಲ.

ಮೊದಲು ಟಿನ್. ಮೆಡಿಕಲ್ ಶಾಪಲ್ಲಿ ಸಿಗೋ, ಊಟ ಸರಿಯಾಗಿ ಮಾಡದ ಮಕ್ಕಳಿಗೆ ಅಂತಾನೇ ಮಾರೋ ಪೌಡರ್. ಮನೆಗೆ ತಂದವನೇ ಅಭ್ಯಾಸಬಲದಲ್ಲಿ ಬಿಸಿ ಹಾಲಿಗೆ ಹಾಕಿ ಕಲಸ್ದೆ. ನಮ್ಮನೇಲಿ ಯಾವ ಪುಡಿ ಬಂದ್ರೂ ಹಾಲಿಗೇ ಹಾಕೋದು, ಚಿಕ್ಕಂದಿನಿಂದ ನೋಡ್ಕೊಂಡು ಬಂದಿರೋದೇ ಅದು. ಎರಡು ವಾರ ಹಾಗೇ ಕೊಟ್ಟೆ. ಮೊದಲ್ನೇ ವಾರ ಲೋಟ ಖಾಲಿ ಆಗ್ತಿತ್ತು, ನಂಗೂ ಸಮಾಧಾನ, ಆದ್ರೆ ಡಬ್ಬಿ ಮಾತ್ರ ಹೆಂಗೆ ಕಳ್ಸಿದ್ನೋ ಹಂಗೇ ವಾಪಸ್. ಮೊಸರನ್ನ ಕೂಡ ಮುಟ್ಟಿರ್ಲಿಲ್ಲ. ಎರಡನೇ ವಾರ ಕಕ್ಕಸ್ಸಿಗೆ ಗಟ್ಟಿ ಆಗಕ್ಕೆ ಶುರುವಾಯ್ತು, ಮಗು ಬಾತ್‌ರೂಮಲ್ಲಿ ನನ್ನ ಎರಡೂ ಕೈ ಹಿಡ್ಕೊಂಡು ಅಳ್ತಾ ಕೂರೋದು, "ಅಪ್ಪಾ ಬೇಡಪ್ಪಾ" ಅನ್ನೋದು, ಅದನ್ನ ನೋಡಕ್ಕಾಗ್ತಿರ್ಲಿಲ್ಲ.

ಆಮೇಲೆ ಒಂದು ರಾತ್ರಿ ಕೂತು ಟಿನ್ ಹಿಂದಿನ ಸಣ್ಣ ಅಕ್ಷರ ಓದಿದೆ. ಅದನ್ನ ಕಲಸ್ಬೇಕಾಗಿದ್ದು ನೀರಲ್ಲಿ! 190 ಎಂಎಲ್ ಕುದಿಸಿ ಆರಿಸಿದ ನೀರಿಗೆ ಐದು ಸ್ಕೂಪ್, ಅಂದ್ರೆ ಸುಮಾರು 45 ಗ್ರಾಂ ಪುಡಿ. ಹಾಲಲ್ಲಿ ಇರೋದೆಲ್ಲಾ ಆ ಪುಡಿಯಲ್ಲೇ ಇರುತ್ತೆ, ನೀರಲ್ಲಿ ಕಲಸಿದ್ರೇನೇ ಒಂದು ಲೋಟಕ್ಕೆ 200 ಕ್ಯಾಲೊರಿ ದಾಟುತ್ತೆ, ನಾನು ಅದರ ಮೇಲೆ ಹಾಲಿನ ನೂರು ಚಿಲ್ಲರೆ ಕ್ಯಾಲೊರಿನೂ ಸೇರಿಸಿದ್ದೆ. ನಾಲ್ಕು ವರ್ಷದ ಮಗುಗೆ ಇಡೀ ದಿನಕ್ಕೆ ಬೇಕಾಗೋದೇ ಸುಮಾರು 1,350. ಬೆಳಿಗ್ಗೆ ಏಳೂವರೆಗೇ ಹತ್ರ ಹತ್ರ ಕಾಲು ಭಾಗ ಹೊಟ್ಟೆ ಸೇರಿದ್ಮೇಲೆ ಹತ್ತೂವರೆ ಬ್ರೇಕಲ್ಲಿ ಆ ಮಗು ಡಬ್ಬಿ ಯಾಕೆ ತೆಗೀಬೇಕು ಹೇಳಿ. ನಾನು ಇವಳು ಹಠ ಮಾಡ್ತಾಳೆ ಅಂತ ಅಂದ್ಕೊಂಡಿದ್ದೆ, ಅವಳಿಗೆ ನಿಜವಾಗ್ಲೂ ಹಸಿವೇ ಇರ್ಲಿಲ್ಲ.

ಸರಿ, ನೀರಲ್ಲೇ ಕಲಸ್ದೆ. ಐದು ಸ್ಕೂಪ್ ಪುಡಿ ಒಂದು ಲೋಟ ನೀರಲ್ಲಿ ಕರಗಿಸೋದು ಸುಲಭ ಅಲ್ಲ, ನೀರು ಸ್ವಲ್ಪ ಬಿಸಿ ಜಾಸ್ತಿ ಆದ್ರೆ ಗಂಟು, ತಣ್ಣಗಿದ್ರೆ ಪುಡಿ ಮೇಲೇ ತೇಲುತ್ತೆ. ಸ್ಪೂನಲ್ಲಿ ತಿರುಗಿಸಿ ತಿರುಗಿಸಿ ಸಾಕಾಗಿ ಮುಚ್ಚಳದ ಬಾಟ್ಲಿಗೆ ಹಾಕಿ ಕುಲುಕಿದೆ, ಗಂಟು ಹೋಯ್ತು, ಬರೀ ನೊರೆ ಬಂತು, ನೊರೆ ಕಂಡು ಅವಳು ಬೇಡ ಅಂದ್ಲು. ಹಾಲಿನ ರುಚಿ ಹೋಗಿದ್ದಕ್ಕೆ ಇನ್ನೂ ಬೇಡ. ಒಂದು ಲೋಟಕ್ಕೆ ನಲವತ್ತು ನಿಮಿಷ, ಅಷ್ಟರಲ್ಲಿ ತಳದಲ್ಲಿ ಬೆರಳಗಲ ಪುಡಿ ಕೂತಿರುತ್ತೆ, ಅದನ್ನ ಸಿಂಕಿಗೆ ಸುರಿಯೋದು. ಸಿಪ್ಪರ್ ಸ್ಟ್ರಾ ಒಳಗೆ ಅಂಟಿದ್ದನ್ನ ತೊಳೆಯಕ್ಕೆ ಸಣ್ಣ ಬ್ರಷ್ ಬೇರೆ ತಂದೆ.

ಅಳತೆ ಪ್ರಕಾರ ಕೊಟ್ರೆ 400 ಗ್ರಾಂ ಟಿನ್ ಒಂಬತ್ತು ದಿನಕ್ಕೆ ಖಾಲಿ. ನಾನು ತಗೊಂಡಾಗಿನ ರೇಟಲ್ಲಿ ಒಂದು ಲೋಟಕ್ಕೆ ಹತ್ರ ಹತ್ರ 80 ರೂಪಾಯಿ ಬಿತ್ತು. ಸಂಬಳದವರಿಗೆ ದಿನಾ ಅದು ಆಗೋ ಮಾತಲ್ಲ. ಉಳಿಸೋಣ ಅಂತ ಎರಡು ಸ್ಕೂಪ್ ಹಾಕಿ ಕೊಡೋರೂ ಇದ್ದಾರೆ, ಆದ್ರೆ ಆಗ ಅದು ಊಟದ ಬದಲು ಆಗಲ್ಲ, ಬರೀ ಸಿಹಿ ನೀರು ಆಗುತ್ತೆ.

ಒಂದು ಮಾತು ಮಾತ್ರ ನ್ಯಾಯವಾಗಿ ಹೇಳ್ಬೇಕು. ಟಿನ್ ಪೌಡರ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ನಮ್ಮ ಪಕ್ಕದ ಮನೆ ಮಗು ಟೈಫಾಯಿಡ್ ಆಗಿ ತೂಕ ಇಳಿದಾಗ ಡಾಕ್ಟರೇ ಬರೆದುಕೊಟ್ಟಿದ್ರು, ಆ ಮಗುಗೆ ಒಳ್ಳೇದೇ ಆಯ್ತು. ನನ್ನ ಮಗಳಿಗೆ ಅದು ಬೇಕಾ ಅಂತ ಮಾತ್ರ ನಾನು ಯಾರನ್ನೂ ಕೇಳಿರ್ಲಿಲ್ಲ. ಆಮೇಲೆ ಮಕ್ಕಳ ಡಾಕ್ಟರ್ ಹತ್ರ ಕರ್ಕೊಂಡು ಹೋದಾಗ ಅವರು ಹಳೇ ವ್ಯಾಕ್ಸಿನ್ ಕಾರ್ಡ್ ತಿರುವಿ ತೂಕ, ಎತ್ತರ ಎಲ್ಲಾ ಚಾರ್ಟಲ್ಲಿ ಚುಕ್ಕಿ ಇಟ್ಟು ತೋರ್ಸಿದ್ರು. ಸ್ವಲ್ಪ ಕೆಳಗಿನ ಗೆರೆ, ಆದ್ರೆ ಹುಟ್ಟಿದಾಗಿಂದ ಆ ಗೆರೆ ಜೊತೆಗೇ ಹೋಗ್ತಿದ್ದಾಳೆ. "ಊಟದ ಬದಲು ಏನೂ ಬೇಡ, ಊಟದ ಜೊತೆಗೆ ಏನಾದ್ರೂ ಸಣ್ಣದು ಕೊಡಿ, ಹಾಲು ದಿನಕ್ಕೆ ಅರ್ಧ ಲೀಟರ್ ದಾಟಿಸ್ಬೇಡಿ" ಅಂದ್ರು. ಹಾಲಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಹಾಲಲ್ಲೇ ಹೊಟ್ಟೆ ತುಂಬಿಸ್ಕೊಳ್ಳೋ ಮಕ್ಕಳಿಗೆ ರಕ್ತ ಕಮ್ಮಿ ಆಗೋದು ಅದಕ್ಕೇ ಅಂತೆ.

ಚಾಕಲೇಟ್ ಪೌಡರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎರಡೇ ನಿಮಿಷಕ್ಕೆ ಲೋಟ ಖಾಲಿ, ಬೆಲೆನೂ ಪರವಾಗಿಲ್ಲ, ಡಬ್ಬಿ ಅರ್ಧ ಖಾಲಿಯಾಗಿ ಬರ್ತಿತ್ತು. ಆದ್ರೆ ನಾನು ತಂದ ಡಬ್ಬದಲ್ಲಿ 100 ಗ್ರಾಂಗೆ 30 ಗ್ರಾಂ ಮೇಲೆ ಸೇರಿಸಿದ ಸಕ್ಕರೆ ಅಂತ ಬರೆದಿತ್ತು, ಅದು ನೋಡ್ದೆ ನಾವು ಮೇಲೆ ಇನ್ನೊಂದು ಸ್ಪೂನ್ ಸಕ್ಕರೆ ಹಾಕ್ತಿದ್ವಿ. ಹತ್ತು ದಿನಕ್ಕೆ ಬರೀ ಹಾಲು ಕೊಟ್ರೆ "ಬಿಳೀದು ಬೇಡ" ಅಂತ ಶುರು ಮಾಡಿದ್ಲು, ಅಲ್ಲಿಗೆ ನಿಲ್ಲಿಸ್ದೆ. ಇಂಥವನ್ನ 'ಹೆಲ್ತ್ ಡ್ರಿಂಕ್' ಅನ್ನೋ ಪಟ್ಟಿಯಿಂದ ತೆಗೀರಿ ಅಂತ 2024ರ ಏಪ್ರಿಲಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ ಹೇಳ್ತು, ಯಾಕಂದ್ರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗಂತ ಒಂದು ವರ್ಗಾನೇ ಇಲ್ಲ.

ಬಾಳೆಹಣ್ಣಿನ ಮಿಲ್ಕ್‌ಶೇಕ್: ಐದು ನಿಮಿಷಕ್ಕೆ ಕಪ್ಪಾಗುತ್ತೆ, ಕಪ್ಪಾದ್ರೆ ಮುಟ್ಟಲ್ಲ. ಬಿಟ್ಟೆ.

ಈಗ ರಾಗಿ. ನಮ್ಮ ಅಮ್ಮ ಚನ್ನರಾಯಪಟ್ಟಣದ ಹತ್ರ ಊರಲ್ಲಿದ್ದಾರೆ, ಫೋನಲ್ಲಿ ಎಲ್ಲಾ ಕೇಳಿ "ನಿನ್ನ ರಾಗಿ ಸರಿ ಹಿಟ್ಟಲ್ಲಿ ಬೆಳೆಸಿದ್ದು ಕಣೋ, ಅವಳಿಗೆ ಮಾತ್ರ ಡಬ್ಬದ್ದು ಯಾಕೆ" ಅಂದ್ರು. ರಾಗಿನ ಒಂದು ರಾತ್ರಿ ನೆನೆಸಿ, ಬಸಿದು, ಹಳೇ ಪಂಚೆ ಬಟ್ಟೇಲಿ ಗಂಟು ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಘಮ್ ಅನ್ನೋವರ್ಗೂ ಹುರಿದು ಮಿಲ್ಲಿಗೆ ಹಾಕ್ಸೋದು. ಮೊದಲ ಸಲ ನಾನೇ ಮಾಡ್ದೆ, ಮಿಲ್ಲಲ್ಲಿ ನಂಗಿಂತ ಮುಂಚೆ ಯಾರೋ ಖಾರದ ಪುಡಿ ಮಾಡಿಸಿದ್ರು, ಮಗು ಒಂದು ಗುಟುಕು ಕುಡಿದು ನಾಲಿಗೆ ಚಾಚಿಬಿಟ್ಲು. ಒಂದು ಕೇಜಿ ಹಿಟ್ಟು ಹೋಯ್ತು. ಈಗ ಅಮ್ಮನೇ ಊರಲ್ಲಿ, ಗೋಧಿ ಹಾಕಿದ್ಮೇಲೆ ಹಾಕ್ಸಿ, ಬಟ್ಟೇಲಿ ಜರಡಿ ಹಿಡಿದು ಕಳಿಸ್ತಾರೆ.

ಮಾಡೋ ರೀತಿ ಹೇಳ್ಕೊಟ್ಟಿದ್ದು ಅಕ್ಕ, ಅವಳು ಸರ್ಕಾರಿ ಶಾಲೆ ಟೀಚರ್. ಅಲ್ಲಿ ಮಕ್ಕಳಿಗೆ 2013ರಿಂದ ಸರ್ಕಾರದ ಕ್ಷೀರಭಾಗ್ಯ ಯೋಜನೆಯ ಉಚಿತ ಹಾಲು ಇದೆ, 2024ರ ಫೆಬ್ರವರಿಯಿಂದ ವಾರಕ್ಕೆ ಮೂರು ದಿನ ಆ ಹಾಲಿಗೆ ರಾಗಿ ಮಾಲ್ಟ್ ಸೇರಿಸಿ ಕೊಡ್ತಾರೆ. "ಬಿಸಿಗೆ ಹಿಟ್ಟು ಹಾಕ್ಬೇಡ, ತಣ್ಣೀರಲ್ಲಿ ಮೊದಲು ಕದಡ್ಕೋ" ಅಂದ್ಲು. ಒಂದೂವರೆ ಚಮಚ ಹಿಟ್ಟು ತಣ್ಣೀರಲ್ಲಿ ಕದಡಿ, ಕುದಿಯೋ ನೀರಿಗೆ ಬಿಟ್ಟು ಕೈಯಾಡಿಸ್ತಾ ಇದ್ರೆ ನಾಲ್ಕೈದು ನಿಮಿಷಕ್ಕೆ ಬಣ್ಣ ತಿರುಗಿ ಹೊಳಪು ಬರುತ್ತೆ. ಒಲೆ ಆರಿಸಿ, ಕಾಯಿಸಿದ ಹಾಲು ಅರ್ಧ ಲೋಟ, ಚೂರು ಆರಿದ್ಮೇಲೆ ಬೆಲ್ಲ. ಒಲೆ ಮೇಲಿರುವಾಗ್ಲೇ ಬೆಲ್ಲ ಹಾಕಿದ್ರೆ ಹಾಲು ಒಡೆದೋಗುತ್ತೆ, ನಂಗೆ ಎರಡು ಸಲ ಒಡೀತು. ಮೊಳಕೆ ಹಿಟ್ಟಿನ ಗುಣ ಏನಂದ್ರೆ ಗಂಜಿ ಗಟ್ಟಿ ಆಗಲ್ಲ, ಮೊಳಕೆ ಬರುವಾಗ ಪಿಷ್ಟ ಒಡೆಯೋ ಕಿಣ್ವ ಹುಟ್ಟಿರುತ್ತೆ, ಅದಕ್ಕೇ ಲೋಟದಲ್ಲಿ ಕುಡಿಯೋ ಹಾಗೆ ತೆಳ್ಳಗಿರುತ್ತೆ. ಮಾಮೂಲಿ ರಾಗಿ ಹಿಟ್ಟಲ್ಲಿ ಮಾಡಿದ್ರೆ ಆರ್ತಾ ಆರ್ತಾ ಅಂಟಾಗುತ್ತೆ, ಅದನ್ನ ಇವಳು ಕುಡಿಯಲ್ಲ.

ರಾಗಿ ಅಂದ್ರೆ ಕ್ಯಾಲ್ಸಿಯಂ ಅಂತ ಎಲ್ರೂ ಹೇಳ್ತಾರೆ, ನಿಜಾನೇ, 100 ಗ್ರಾಂಗೆ 350 ಮಿಲಿಗ್ರಾಂ ಆಸುಪಾಸು ಇದೆ, ಆದ್ರೆ ಒಂದು ಲೋಟಕ್ಕೆ ಬೀಳೋದು 15 ಗ್ರಾಂ ಹಿಟ್ಟು, ಅಂದ್ರೆ 50 ಮಿಲಿಗ್ರಾಂ ಅಷ್ಟೇ. ಅದರ ಎರಡರಷ್ಟು ಆ ಅರ್ಧ ಲೋಟ ಹಾಲಿಂದಾನೇ ಬರುತ್ತೆ. ನಂಗೆ ಮಾಲ್ಟ್ ಇಷ್ಟ ಆಗಿದ್ದು ಕ್ಯಾಲ್ಸಿಯಂಗಲ್ಲ. ಇಡೀ ಲೋಟ ಸೇರಿ 130 ಕ್ಯಾಲೊರಿ ಒಳಗೇ ಇರುತ್ತೆ, ಹತ್ತೂವರೆ ಹೊತ್ತಿಗೆ ಅವಳಿಗೆ ಹಸಿವಾಗುತ್ತೆ. ಮಾಲ್ಟ್ ಶುರು ಮಾಡಿದ ಎರಡನೇ ವಾರ ಒಂದು ಬುಧವಾರ ಡಬ್ಬಿ ತೆಗೆದ್ರೆ ಚಪಾತಿ ರೋಲ್ ಇರ್ಲಿಲ್ಲ, ತಳದಲ್ಲಿ ಒಂದೇ ಒಂದು ಬೀನ್ಸ್ ತುಂಡು, ಅದನ್ನೂ ಕಚ್ಚಿ ಇಟ್ಟಿದ್ಲು! ಹಲ್ಲಿನ ಗುರುತಿತ್ತು. ನಾನು ಅದರ ಫೋಟೋ ತೆಗೆದು ಹೆಂಡತಿಗೆ ಕಳ್ಸಿದೆ, ಅವಳು ಆಫೀಸಿಂದಾನೇ ಫೋನ್ ಮಾಡಿದ್ಲು.

ಖರ್ಚು ಲೋಟಕ್ಕೆ ಎಂಟು ರೂಪಾಯಿ ದಾಟಲ್ಲ. ಕಕ್ಕಸ್ಸಿನ ತೊಂದ್ರೆ ಹೋಯ್ತು. ರುಚಿ ಬೇಜಾರಾದ ದಿನ ಏಲಕ್ಕಿ ಇಲ್ಲಾ ಅಂದ್ರೆ ಹುರಿಗಡಲೆ ಪುಡಿ ಚಿಟಿಕೆ.

ಊರಲ್ಲಿ ಹಿಟ್ಟು ಮಾಡಿಕೊಡೋರು ಇದ್ದು, ಬೆಳಿಗ್ಗೆ ಒಲೆ ಮುಂದೆ ಹತ್ತು ನಿಮಿಷ ನಿಲ್ಲಕ್ಕೆ ಆಗುತ್ತೆ ಅನ್ನೋರು ರಾಗಿನೇ ಮಾಡಿ. ಅಂಗಡಿ ಮೊಳಕೆ ರಾಗಿ ಹಿಟ್ಟೂ ನಡೆಯುತ್ತೆ, ಸಕ್ಕರೆ, ಹಾಲಿನಪುಡಿ ಸೇರಿಸದೇ ಇರೋದು ನೋಡಿ ತಗೊಳ್ಳಿ. ಮಗು ತೂಕ ನಿಂತುಬಿಟ್ಟಿದೆ, ಇಳೀತಿದೆ ಅಂದ್ರೆ ರಾಗಿನೂ ಬೇಡ ಟಿನ್ನೂ ಬೇಡ, ಮೊದಲು ಡಾಕ್ಟರ್ ಹತ್ರ ಹೋಗಿ. ಟಿನ್ ಕೊಡ್ಲೇಬೇಕು ಅಂತಾದ್ರೆ ನೀರಲ್ಲೇ ಕಲಸಿ, ದಯವಿಟ್ಟು, ಹಾಲಲ್ಲಿ ಬೇಡ.

ನಮ್ಮನೇಲಿ ಹಿಟ್ಟು ಇನ್ನು ನಾಲ್ಕು ದಿನಕ್ಕಾಗುತ್ತೆ. ಶನಿವಾರ ಅಕ್ಕ ಬರ್ತಾಳೆ, ಅಮ್ಮ ಅವಳ ಕೈಲಿ ಎರಡು ಕೇಜಿ ಕೊಟ್ಟು ಕಳಿಸ್ತೀನಿ ಅಂದಿದ್ದಾರೆ.